ಕೈ ಭಾರ, ಸೂಜಿ ಮೆತ್ತಗೆ

ಈ ವೂಫರ್, ಅಂದರೆ ಬೇಸ್ ಕೇಳಿಸುವ ದೊಡ್ಡ ಸ್ಪೀಕರ್, ನೋಡಿ. ಹಾಡು ಇನ್ನೂ ಶುರುವಾಗಿಲ್ಲ. ರೆಕಾರ್ಡಿನ ಅಂಚಿನ ಖಾಲಿ ಗೆರೆಯಲ್ಲಿ ಸೂಜಿ ಓಡುತ್ತಿದೆ, ಅಷ್ಟೇ. ಆದರೂ ಸ್ಪೀಕರಿನ ಕೋನ್ ಓಡಿ ಬಂದವರ ಎದೆಯ ಹಾಗೆ ಏರಿಳಿಯುತ್ತಿದೆ. ಶಬ್ದ ಮಾತ್ರ ಒಂಚೂರೂ ಇಲ್ಲ.

ಇದು ನಾನು ರೆಕಾರ್ಡ್ ಪ್ಲೇಯರಿಗೆ ಹೊಸ ಕಾರ್ಟ್ರಿಡ್ಜ್, ಅಂದರೆ ಸೂಜಿ ಕೂತಿರುವ ಪುಟ್ಟ ಡಬ್ಬಿ, ಹಾಕಿದ ದಿನದ ವಿಡಿಯೊ. ಹಳೆಯದಕ್ಕಿಂತ ಎಷ್ಟೋ ಮೇಲಿನ ದರ್ಜೆಯದು. ಅದನ್ನು ಹಿಡಿಯುವ ಹೆಡ್‌ಶೆಲ್‌ನಲ್ಲಿ ನೇರ ಕೂರಿಸಿದ್ದೆ. ಬಿಳಿ, ನೀಲಿ, ಕೆಂಪು, ಹಸಿರು, ನಾಲ್ಕೂ ತಂತಿ ಸರಿಯಾದ ಪಿನ್ನಿಗೇ ಹಾಕಿದ್ದೆ. ಸೂಜಿ ಒತ್ತುವ ತೂಕವನ್ನೂ ಅಳೆದು ಇಟ್ಟಿದ್ದೆ. ಆದರೂ ಬೇಸ್ ಗಿಟಾರ್ ಕಂಬಳಿ ಹೊದ್ದ ಹಾಗೆ ಕೇಳುತ್ತಿತ್ತು. ಸ್ವಲ್ಪ ಸೊಟ್ಟಗಾದ ರೆಕಾರ್ಡ್ ಹಾಕಿದರೆ ಸೂಜಿ ಜಿಗಿದೇ ಬಿಡುತ್ತಿತ್ತು. ಎರಡು ವಾರ ಆಂಪ್ಲಿಫೈಯರ್ ಮೇಲೆ, ಕೇಬಲ್ ಮೇಲೆ ಅನುಮಾನ ಪಟ್ಟೆ.

ಕಾರಣ ಗೊತ್ತಾಗಿದ್ದು ಮೊಬೈಲಿನಲ್ಲಿ ಇಷ್ಟು ಹತ್ತಿರದಿಂದ ನೋಡಿದಾಗ. ಸೂಜಿ ಹಿಡಿದಿರುವ ಈ ಸಣ್ಣ ಕಡ್ಡಿ ಇದೆಯಲ್ಲ, ಅದೇ ಕ್ಯಾಂಟಿಲಿವರ್. ಅದರ ಬುಡದಲ್ಲಿ ಒಂದು ಪುಟ್ಟ ರಬ್ಬರ್ ಬಳೆ ಇರುತ್ತದೆ. ರೆಕಾರ್ಡ್ ಮೇಲೆದ್ದ ಜಾಗ ಬಂದಾಗ ಕಾರ್ಟ್ರಿಡ್ಜ್ ಹೊತ್ತ ಇಡೀ ಉದ್ದ ಕೈ, ಅಂದರೆ ಟೋನ್‌ಆರ್ಮ್, ಮೇಲೇಳಬೇಕು. ಇಲ್ಲಿ ನೋಡಿ, ಆರ್ಮ್ ತಡವಾಗಿ ಏಳುತ್ತಿದೆ. ಅಷ್ಟರಲ್ಲಿ ಕಡ್ಡಿ ಕಾರ್ಟ್ರಿಡ್ಜಿನ ಹೊಟ್ಟೆಗೆ ತಾಗುವಷ್ಟು ಮಡಚಿಕೊಂಡಿದೆ. ಆಮೇಲೆ ಆರ್ಮ್ ಏಳುತ್ತದೆ, ಬೇಕಿದ್ದಕ್ಕಿಂತ ಜಾಸ್ತಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗೆ.

ಆ ರಬ್ಬರ್ ಒಂದು ಸ್ಪ್ರಿಂಗ್. ಅದು ಎಷ್ಟು ಮೆತ್ತಗಿದೆ ಅನ್ನುವುದನ್ನು ಕಂಪ್ಲಯನ್ಸ್ ಅನ್ನುತ್ತಾರೆ. ಒಂದು ಮಿಲಿನ್ಯೂಟನ್ ಬಲಕ್ಕೆ ಸೂಜಿ ಎಷ್ಟು ಮೈಕ್ರೊಮೀಟರ್ ಸರಿಯುತ್ತದೆ ಅನ್ನುವ ಲೆಕ್ಕ. ಸ್ಪ್ರಿಂಗಿಗೆ ಕಟ್ಟಿದ ಭಾರ ಅಂದರೆ ಟೋನ್‌ಆರ್ಮ್. ಅಲುಗಿಸುವಾಗ ಸೂಜಿಗೆ ಅನಿಸುವ ಅದರ ಭಾರವೇ ಎಫೆಕ್ಟಿವ್ ಮಾಸ್.

ನಾನು ಎಡವಿದ್ದು ಇಲ್ಲೇ. ಆರ್ಮಿನ ಹಿಂಬದಿಯ ಕೌಂಟರ್‌ವೇಟ್ ತಿರುಗಿಸಿ ಆರ್ಮ್ ಗಾಳಿಯಲ್ಲಿ ತೇಲುವ ಹಾಗೆ ಮಾಡುತ್ತೇವೆ. ಆಮೇಲೆ 2 ಗ್ರಾಂ ಕೊಡುತ್ತೇವೆ. ಹಾಗಾಗಿ ಸೂಜಿಗೆ 2 ಗ್ರಾಂ ಅಷ್ಟೇ ಭಾರ ಅನಿಸುತ್ತದೆ, ಅಲ್ವಾ? ತಕ್ಕಡಿ ನೆನೆಸಿಕೊಳ್ಳಿ. ಎರಡೂ ಕಡೆ ಹತ್ತತ್ತು ಕಿಲೋ ಇಟ್ಟರೆ ತಕ್ಕಡಿಯ ಮುಳ್ಳು ನಡುವೆ ನಿಲ್ಲುತ್ತದೆ. ಆದರೆ ಬೆರಳಿನಿಂದ ಒಂದು ತಟ್ಟೆಯನ್ನು ಪಟ್ಟನೆ ಅಲ್ಲಾಡಿಸಿ ನೋಡಿ. ಹತ್ತು ಹತ್ತು ಗ್ರಾಂ ಇಟ್ಟಾಗಿನ ಹಾಗೆ ಅಲ್ಲಾಡುವುದಿಲ್ಲ. ಸಮತೂಕ ಆದ ಮಾತ್ರಕ್ಕೆ ಭಾರ ಹೋಗುವುದಿಲ್ಲ. ಸೂಜಿ ಎದುರಿಸುವುದು ಈ ಜಡತೆಯನ್ನು. ತುದಿಯಲ್ಲಿರುವ ಹೆಡ್‌ಶೆಲ್, ಕಾರ್ಟ್ರಿಡ್ಜ್, ಸ್ಕ್ರೂಗಳ ತೂಕ ಹೆಚ್ಚು ಕಡಿಮೆ ಪೂರ್ತಿ ಲೆಕ್ಕಕ್ಕೆ ಬರುತ್ತದೆ. ತಿರುಗುವ ಬುಡಕ್ಕೆ ಹತ್ತಿರ ಇರುವ ತೂಕ ಅಷ್ಟಾಗಿ ಬರುವುದಿಲ್ಲ.

ಭಾರ, ಸ್ಪ್ರಿಂಗ್ ಎರಡೂ ಸೇರಿದರೆ ತನ್ನದೇ ಒಂದು ತೂಗಾಟ ಇರುತ್ತದೆ. ಲೆಕ್ಕ ಸುಲಭ. ಆರ್ಮಿನ ಎಫೆಕ್ಟಿವ್ ಮಾಸ್‌ಗೆ ಕಾರ್ಟ್ರಿಡ್ಜ್ ಮತ್ತು ಸ್ಕ್ರೂ ತೂಕ ಕೂಡಿಸಿ. ಅದನ್ನು ಕಂಪ್ಲಯನ್ಸಿನಿಂದ ಗುಣಿಸಿ, ವರ್ಗಮೂಲ ತೆಗೆಯಿರಿ. 159ನ್ನು ಅದರಿಂದ ಭಾಗಿಸಿ. ಬಂದದ್ದು ಹರ್ಟ್ಜ್, ಅಂದರೆ ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಅನ್ನುವುದು.

ಅದು 8ರಿಂದ 12ರೊಳಗೆ ಇರಬೇಕು ಅನ್ನುತ್ತಾರೆ. ರೆಕಾರ್ಡಿನ ಸೊಟ್ಟ, ನೆಲದ ಮೇಲೆ ನಡೆದಾಡಿದ ಅದುರು, ಇವೆಲ್ಲ ಹೆಚ್ಚಾಗಿ 6 ಹರ್ಟ್ಜ್ ಕೆಳಗೆ. ನಮ್ಮ ಕಿವಿಗೆ ಕೇಳುವ ಬೇಸ್ 20ರಿಂದ ಮೇಲೆ. ತೂಗಾಟ ಇವೆರಡರ ನಡುವಿನ ಖಾಲಿ ಜಾಗದಲ್ಲಿ ಬಿದ್ದರೆ ಕೆಣಕುವವರು ಯಾರೂ ಇರುವುದಿಲ್ಲ.

ನನ್ನ ಆರ್ಮಿನ ಎಫೆಕ್ಟಿವ್ ಮಾಸ್ 20 ಗ್ರಾಂ. ಕಾರ್ಟ್ರಿಡ್ಜ್, ಸ್ಕ್ರೂ ಸೇರಿ 6. ಕಂಪ್ಲಯನ್ಸ್ 35. ಲೆಕ್ಕ ಹಾಕಿದರೆ 5.3 ಹರ್ಟ್ಜ್. ಸರಿಯಾಗಿ ಸೊಟ್ಟದ ಬಾಯಿಗೇ ಬಿದ್ದಿತ್ತು.

ಮೊದಲು ಹಗುರ ಹೆಡ್‌ಶೆಲ್ ತಂದೆ. 7 ಗ್ರಾಂ ಇಳಿಯಿತು. ಆದರೂ 6.2 ಅಷ್ಟೇ. ವರ್ಗಮೂಲ ಇರುವುದರಿಂದ ತೂಕ ಎಷ್ಟು ಇಳಿಸಿದರೂ ಸಂಖ್ಯೆ ನಿಧಾನವಾಗಿಯೇ ಏರುತ್ತದೆ. ಆ ಕಾರ್ಟ್ರಿಡ್ಜ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ, ಖಂಡಿತ ಇಲ್ಲ. ಅಂಥ ಮೆತ್ತನೆಯವಕ್ಕೆ 1970ರ ದಶಕದ ಕೊನೆಯ ಎಸ್‌ಎಂಇ ಸೀರೀಸ್ 3ರ ಹಾಗೆ ಸುಮಾರು 5 ಗ್ರಾಂ ಎಫೆಕ್ಟಿವ್ ಮಾಸ್ ಇರುವ ಆರ್ಮ್ ಬೇಕು. ನನ್ನ ಭಾರದ ಕೈಗೆ ಬೇಕಿದ್ದದ್ದು ಗಟ್ಟಿ ಸ್ಪ್ರಿಂಗ್.

ಹಾಗಾಗಿ ಡೆನಾನ್ ಕಂಪನಿಯ ಡಿಎಲ್-103 ಕಾರ್ಟ್ರಿಡ್ಜ್ ತಂದೆ. 1960ರ ದಶಕದಲ್ಲಿ ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಗಾಗಿ ಮಾಡಿದ್ದು. ಇವತ್ತಿಗೂ ಸಿಗುತ್ತದೆ. ತೂಕ 8.5 ಗ್ರಾಂ. ಕಂಪನಿಯ ವಿವರದ ಹಾಳೆಯಲ್ಲಿ ಕಂಪ್ಲಯನ್ಸ್ ಬರೀ 5 ಅಂತಿದೆ. ಇಲ್ಲಿ ಮಾತ್ರ ಹುಷಾರು. ಜಪಾನಿನ ತಯಾರಕರು ಸಾಮಾನ್ಯವಾಗಿ ಇದನ್ನು ಅಳೆಯುವುದು 100 ಹರ್ಟ್ಜ್‌ನಲ್ಲಿ. ನಮಗೆ ಬೇಕಾದದ್ದು 10 ಹರ್ಟ್ಜ್‌ನಲ್ಲಿ. ಅಂದಾಜಿಗೆ ಒಂದೂವರೆಯಿಂದ ಎರಡು ಪಟ್ಟು ಮಾಡಿಕೊಳ್ಳಬೇಕು. ಹಾಗೇ 5 ಹಾಕಿದ್ದರೆ ಹೆಚ್ಚು ಕಡಿಮೆ 13 ಬರುತ್ತಿತ್ತು, ಸುಮ್ನೆ ಬೇಡ ಅಂತ ಬಿಟ್ಟುಬಿಡುತ್ತಿದ್ದೆ. 10 ಅಂತ ಇಟ್ಟುಕೊಂಡು, ಹಳೆಯ ಭಾರದ ಹೆಡ್‌ಶೆಲ್ ಮತ್ತೆ ಹಾಕಿದರೆ 9.4. ಇದು ಮೂವಿಂಗ್ ಕಾಯಿಲ್ (ಎಂಸಿ) ಬಗೆಯದು, ಅಂದರೆ ಸೂಜಿಯ ಜೊತೆ ಪುಟ್ಟ ತಂತಿ ಸುರುಳಿ ಅಲುಗುವಂಥದ್ದು, ಔಟ್‌ಪುಟ್ ತುಂಬಾ ಕಡಿಮೆ. ಕಾರ್ಟ್ರಿಡ್ಜಿನ ಸಣ್ಣ ಸಿಗ್ನಲ್ ಹಿಗ್ಗಿಸುವ ಫೋನೊ ಸ್ಟೇಜಿನಲ್ಲಿ ಎಂಸಿ ಸ್ವಿಚ್ ಇರಬೇಕು. ನನ್ನದರಲ್ಲಿ ಇತ್ತು.

ಈಗ ತೂಗಾಟ ಎಷ್ಟರಲ್ಲಿದೆ ಅಂತ ತೋರಿಸುವ ಟೆಸ್ಟ್ ರೆಕಾರ್ಡ್ ಹಾಕಿದ್ದೇನೆ. ಒಂದೊಂದೇ ಹರ್ಟ್ಜ್ ಇಳಿಯುತ್ತಾ ಬರುತ್ತದೆ. ಹನ್ನೆರಡು, ಏನಿಲ್ಲ. ಹನ್ನೊಂದು. ಹತ್ತು, ಆರ್ಮ್ ಸ್ವಲ್ಪ ನಡುಗಿತು. ಒಂಬತ್ತು. ನೋಡಿ, ಹೆಡ್‌ಶೆಲ್ ಪಕ್ಕಕ್ಕೆ ಗಡಗಡ ಅಲುಗುತ್ತಿದೆ. ಎಂಟು, ಮತ್ತೆ ಶಾಂತ.

ಇದು ಅವತ್ತಿನದೇ ಸೊಟ್ಟ ರೆಕಾರ್ಡ್. ಸೂಜಿ ಒತ್ತುವ ತೂಕ 2.5 ಗ್ರಾಂ. ಸೂಜಿ ಇಳಿಸುತ್ತಿದ್ದೇನೆ. ಆರ್ಮ್ ಏಳುತ್ತಿದೆ, ಇಳಿಯುತ್ತಿದೆ, ಕಡ್ಡಿಯೂ ಜೊತೆಗೇ ಇದೆ. ಈಗ ಕ್ಯಾಮೆರಾ ವೂಫರ್ ಕಡೆ ತಿರುಗಿಸುತ್ತೇನೆ. ಹಾಡು ಶುರುವಾಗುವವರೆಗೆ ಮಾತಾಡುವುದಿಲ್ಲ, ನೀವೇ ನೋಡಿ.