ಬಾಕ್ಸ್ ಮೇಲೆ ಇಲ್ಲದ ಎರಡು ಅಂಕಿಗಳು: ಕಡಿಮೆ ಬೆಲೆಯ ಎಸ್‌ಎಸ್‌ಡಿಗಳ ವೇಗ ನೋಡುವುದು ಹೇಗೆ

ಎಲ್ಲರಿಗೂ ನಮಸ್ಕಾರ.

ಕಡಿಮೆ ಬೆಲೆಯ ಎಸ್‌ಎಸ್‌ಡಿಗಳಲ್ಲಿ (ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಡ್ರೈವುಗಳಲ್ಲಿ) ಯಾವುದು ಫಾಸ್ಟ್ ಎಂದು ಕೇಳುವವರು ತುಂಬಾ ಜನ. ಕೇಳುವಾಗಲೇ ಎರಡು ಬಾಕ್ಸ್ ತೋರಿಸಿ, ಇದರಲ್ಲಿ ಸೆಕೆಂಡಿಗೆ 560 ಎಂಬಿ ಅಂತ ಇದೆ, ಅದರಲ್ಲಿ 520 ಅಂತ ಇದೆ, ಹಾಗಾದರೆ ಇದೇ ವಾಸಿ ಅಲ್ವಾ ಎನ್ನುತ್ತಾರೆ. ಆ ಅಂಕಿ ಸುಳ್ಳಲ್ಲ. ಆದರೆ ಮನೆಯಲ್ಲಿ ನಾವು ಕಂಪ್ಯೂಟರ್ ಬಳಸುವ ರೀತಿಗೂ ಅದಕ್ಕೂ ಸಂಬಂಧ ಬಹಳ ಕಡಿಮೆ. ನಿಜವಾಗಿ ನೋಡಬೇಕಾದ ಅಂಕಿಗಳು ಎರಡು, ಮತ್ತು ಅವೆರಡೂ ಸಾಮಾನ್ಯವಾಗಿ ಬಾಕ್ಸ್ ಮೇಲೆ ಇರುವುದಿಲ್ಲ.

ಮೊದಲು ಆ 560ರ ಕಥೆ ಮುಗಿಸೋಣ. ಸಾಟಾ ಎಂದರೆ ಡ್ರೈವನ್ನು ಮದರ್‌ಬೋರ್ಡಿಗೆ ಜೋಡಿಸುವ ಹಳೆಯ ವಿಧಾನ. ಅದರ ಮೂರನೇ ಪೀಳಿಗೆಯ ಕೇಬಲ್ ಸೆಕೆಂಡಿಗೆ 6 ಗಿಗಾಬಿಟ್ ಸಾಗಿಸುತ್ತದೆ. ಅದರಲ್ಲಿ ಪ್ರತಿ 8 ಬಿಟ್ ಮಾಹಿತಿಗೆ 10 ಬಿಟ್ ಕಳಿಸಬೇಕು, ಹಾಗಾಗಿ ಕೈಗೆ ಸಿಗುವುದು 600 ಎಂಬಿ, ಅದರಲ್ಲೂ ಅಲ್ಲಿ ಇಲ್ಲಿ ಸ್ವಲ್ಪ ಕಳೆದು 550-560. ಅಂದರೆ ಅದು ಡ್ರೈವಿನ ವೇಗವೇ ಅಲ್ಲ, ಕೇಬಲ್ಲಿನ ಮಿತಿ. ಅಗ್ಗದ್ದು, ದುಬಾರಿಯದ್ದು ಎಲ್ಲವೂ ಅಲ್ಲಿಗೇ ಬಂದು ನಿಲ್ಲುತ್ತವೆ. ಪಿಸಿಐ ಎಕ್ಸ್‌ಪ್ರೆಸ್ ಎಂಬ ಇನ್ನೂ ವೇಗದ ದಾರಿ ಬಳಸುವ ಎನ್‌ವಿಎಂಇ ಡ್ರೈವುಗಳಿಗೆ ಈ ಗೋಡೆ ಇಲ್ಲ. ಪಿಸಿಐ ಎಕ್ಸ್‌ಪ್ರೆಸ್ 3ನೇ ಪೀಳಿಗೆಯಲ್ಲಿ ಸುಮಾರು 3500, 4ನೇ ಪೀಳಿಗೆಯಲ್ಲಿ ಸುಮಾರು 7000 ಎಂಬಿವರೆಗೆ ಹೋಗುತ್ತವೆ. ಆದರೆ ಇದೆಲ್ಲ ಒಂದೇ ದೊಡ್ಡ ಫೈಲನ್ನು ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಓದುವ ವೇಗ. ದಿನಾ ಆ ಕೆಲಸ ಯಾರು ಮಾಡುತ್ತಾರೆ?

ಕಂಪ್ಯೂಟರ್ ಆನ್ ಆಗುವಾಗ, ಬ್ರೌಸರ್ ತೆರೆಯುವಾಗ ನಡೆಯುವುದೇ ಬೇರೆ. ಎಲ್ಲೆಲ್ಲೋ ಚದುರಿರುವ ಸಣ್ಣ ಸಣ್ಣ ತುಣುಕುಗಳು ಬೇಕಾಗುತ್ತವೆ, ಹೆಚ್ಚಿನವು 4 ಕೆಬಿ ಆಸುಪಾಸಿನವು. ಪ್ರೋಗ್ರಾಂ ಒಂದನ್ನು ಕೇಳುತ್ತದೆ, ಅದು ಬಂದ ಮೇಲೆ ಅದರಲ್ಲಿ ಏನಿದೆ ನೋಡಿ ಇನ್ನೊಂದನ್ನು ಕೇಳುತ್ತದೆ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಪ್ರತಿ ಸಲವೂ ಹೆಡ್ ಜಾಗಕ್ಕೆ ಸರಿಯಬೇಕು, ತಟ್ಟೆ ತಿರುಗಿ ಬರುವವರೆಗೆ ಕಾಯಬೇಕು. ನಿಮಿಷಕ್ಕೆ 7200 ಸುತ್ತಿನ ಡಿಸ್ಕಿಗೆ ಒಂದು ಸುತ್ತಿಗೇ 8.3 ಮಿಲಿಸೆಕೆಂಡ್ ಹಿಡಿಯುತ್ತದೆ. ಇದರಿಂದ ಸೆಕೆಂಡಿಗೆ ನೂರು ತುಣುಕು ಸಿಗುವುದೂ ಕಷ್ಟ. ಲೆಕ್ಕ ಹಾಕಿದರೆ ಅರ್ಧ ಎಂಬಿಯೂ ಆಗುವುದಿಲ್ಲ! ಅದೇ ಕೆಲಸದಲ್ಲಿ ಸಾಧಾರಣ ಸಾಟಾ ಎಸ್‌ಎಸ್‌ಡಿ 25ರಿಂದ 40 ಎಂಬಿ ಕೊಡುತ್ತದೆ, ಅಗ್ಗದ ಎನ್‌ವಿಎಂಇ 40ರಿಂದ 70 ಕೊಡಬಹುದು.

ಈ ಅಂಕಿಗಳನ್ನು ಸ್ವಲ್ಪ ನಿಧಾನವಾಗಿ ನೋಡಿ. ಹಾರ್ಡ್ ಡಿಸ್ಕ್ ತೆಗೆದು ಯಾವ ಎಸ್‌ಎಸ್‌ಡಿ ಹಾಕಿದರೂ ಹತ್ತಾರು ಪಟ್ಟು ಲಾಭ. ಸಾಟಾದಿಂದ ಎನ್‌ವಿಎಂಇಗೆ ಹೋದರೆ ಎರಡು ಪಟ್ಟು ಸಿಕ್ಕರೆ ಹೆಚ್ಚು. ಬಾಕ್ಸ್ ನೋಡಿದರೆ ಮಾತ್ರ ಆರು ಪಟ್ಟು ಎನಿಸುತ್ತದೆ. ಆದ್ದರಿಂದ ಹಳೆಯ ಕಂಪ್ಯೂಟರಿನಲ್ಲಿ ಸಾಟಾ ಬಿಟ್ಟರೆ ಬೇರೆ ದಾರಿ ಇಲ್ಲ ಎಂದು ಬೇಸರ ಮಾಡಿಕೊಳ್ಳುವವರಿಗೆ ನಾನು ಹೇಳುವುದು ಒಂದೇ: ಧೈರ್ಯವಾಗಿ ಹಾಕಿಸಿ, ವ್ಯತ್ಯಾಸ ಮೊದಲ ದಿನವೇ ಗೊತ್ತಾಗುತ್ತದೆ.

ಕ್ರಿಸ್ಟಲ್ ಡಿಸ್ಕ್ ಮಾರ್ಕ್ ಎಂಬ ಉಚಿತ ತಂತ್ರಾಂಶ ಹಲವರಿಗೆ ಗೊತ್ತಿರುತ್ತದೆ. ಅದನ್ನು ಓಡಿಸಿದಾಗ ಎಲ್ಲರ ಕಣ್ಣೂ ಹೋಗುವುದು ಮೇಲಿನ ಸಾಲಿನ ದೊಡ್ಡ ಅಂಕಿಗೆ. ನೀವು ಕೆಳಗಿನ ಸಾಲು ನೋಡಿ, 4ಕೆ, ಕ್ಯೂ1, ಟಿ1 ಎಂದು ಬರೆದಿರುವುದು. ಒಂದು ಸಲಕ್ಕೆ ಒಂದೇ ತುಣುಕು ಕೇಳಿದಾಗಿನ ವೇಗ ಅದು. ನಾನು ಹೇಳಿದ ಎರಡು ಅಂಕಿಗಳಲ್ಲಿ ಮೊದಲನೆಯದು ಇದೇ. ಬಾಕ್ಸ್ ಮೇಲೆ ಲಕ್ಷಗಟ್ಟಲೆ ಐಒಪಿಎಸ್ (ಸೆಕೆಂಡಿಗೆ ಎಷ್ಟು ತುಣುಕು ಎಂಬ ಲೆಕ್ಕ) ಎಂದು ಹಾಕಿರುತ್ತಾರಲ್ಲ, ಅದು ಹತ್ತಾರು ತುಣುಕುಗಳನ್ನು ಒಟ್ಟೊಟ್ಟಿಗೆ ಕೇಳಿದಾಗ ಬರುವ ಅಂಕಿ. ಮನೆಯ ಕಂಪ್ಯೂಟರ್ ಆ ಮಟ್ಟಕ್ಕೆ ಹೋಗುವುದು ಅಪರೂಪ.

ಇನ್ನು ಎರಡನೆಯ ಅಂಕಿ: ತುಂಬಾ ಮಾಹಿತಿಯನ್ನು ಒಂದೇ ಸಮನೆ ಬರೆಯುವಾಗ ಕೊನೆಗೆ ಉಳಿಯುವ ವೇಗ. ಅಗ್ಗದ ಡ್ರೈವುಗಳು ನಿಜವಾಗಿ ಬೇರೆ ಬೇರೆಯಾಗುವುದು ಇಲ್ಲೇ.

ಇವತ್ತಿನ ಕಡಿಮೆ ಬೆಲೆಯ ಡ್ರೈವುಗಳಲ್ಲಿ ಒಂದು ಕೋಶದಲ್ಲಿ (ಚಿಪ್‌ನೊಳಗೆ ಮಾಹಿತಿ ಇಡುವ ಪುಟ್ಟ ಜಾಗದಲ್ಲಿ) 3 ಬಿಟ್ ಇಡುವ ಟಿಎಲ್‌ಸಿ ಇರುತ್ತದೆ, ಇಲ್ಲವೇ 4 ಬಿಟ್ ಇಡುವ ಕ್ಯೂಎಲ್‌ಸಿ. 3 ಬಿಟ್ ಎಂದರೆ ಕೋಶದಲ್ಲಿ 8 ಬೇರೆ ಬೇರೆ ವಿದ್ಯುತ್ ಮಟ್ಟಗಳನ್ನು ಗುರುತಿಸಬೇಕು, 4 ಬಿಟ್ ಎಂದರೆ 16. ಮಟ್ಟಗಳು ಹತ್ತಿರ ಹತ್ತಿರ ಬಂದಷ್ಟೂ ಹುಷಾರಾಗಿ ಬರೆಯಬೇಕು, ಬರೆಯುವುದು ನಿಧಾನವಾಗುತ್ತದೆ. ಇದನ್ನು ಮರೆಸಲು ತಯಾರಕರು ಒಂದಷ್ಟು ಕೋಶಗಳಲ್ಲಿ ತಲಾ ಒಂದೇ ಬಿಟ್ ಬರೆಯುತ್ತಾರೆ. ಹಾಗೆ ಬೇಗ ಬರೆಯಬಹುದಾದ ಈ ತಾತ್ಕಾಲಿಕ ಜಾಗವೇ ಎಸ್‌ಎಲ್‌ಸಿ ಕ್ಯಾಷ್. ಬರೆಯುವುದೆಲ್ಲ ಮೊದಲು ಅಲ್ಲಿಗೆ ಹೋಗುತ್ತದೆ, ಆಮೇಲೆ ಬಿಡುವಿದ್ದಾಗ ಡ್ರೈವ್ ತಾನೇ ಅದನ್ನು ಒತ್ತೊತ್ತಾಗಿ ಜೋಡಿಸಿಕೊಳ್ಳುತ್ತದೆ. ಕ್ಯಾಷ್‌ನಲ್ಲಿ ಜಾಗ ಇರುವವರೆಗೆ ಎಲ್ಲಾ ಡ್ರೈವುಗಳೂ ಒಂದೇ ಥರ ಕಾಣುತ್ತವೆ. ತುಂಬಿದ ಮೇಲೆ ನೋಡಬೇಕು.

ಒಂದು ಉದಾಹರಣೆ ಲೆಕ್ಕ ಮಾಡೋಣ. ಸ್ಯಾಮ್‌ಸಂಗ್ 870 ಕ್ಯೂವಿಒ ಒಂದು ಕ್ಯೂಎಲ್‌ಸಿ ಡ್ರೈವ್. ಅದರ 1 ಟಿಬಿ ಮಾದರಿಗೆ ಕ್ಯಾಷ್ ಹೆಚ್ಚೆಂದರೆ 42 ಜಿಬಿ, ಬರೆಯುವ ವೇಗ 530 ಎಂಬಿ, ಕ್ಯಾಷ್ ತುಂಬಿದ ಮೇಲೆ 80 ಎಂಬಿ. ಇದನ್ನು ಕಂಪನಿಯೇ ತನ್ನ ವಿವರಪಟ್ಟಿಯಲ್ಲಿ ಬರೆದಿದೆ, ಹೀಗೆ ಮುಚ್ಚುಮರೆ ಇಲ್ಲದೆ ಹೇಳುವುದು ನನಗೆ ಇಷ್ಟವಾಗುತ್ತದೆ, ಬಹಳ ಜನ ಹೇಳುವುದೇ ಇಲ್ಲ. ಈಗ 100 ಜಿಬಿ ವಿಡಿಯೋಗಳನ್ನು ಅದಕ್ಕೆ ಕಾಪಿ ಮಾಡಿದರೆ ಮೊದಲ 42 ಜಿಬಿ 80 ಸೆಕೆಂಡಿನಲ್ಲಿ ಮುಗಿಯುತ್ತದೆ, ಉಳಿದ 58 ಜಿಬಿಗೆ 725 ಸೆಕೆಂಡ್. ಒಟ್ಟು 13 ನಿಮಿಷದ ಮೇಲೆ. 530ರ ಲೆಕ್ಕ ನಂಬಿದ್ದರೆ 3 ನಿಮಿಷಕ್ಕೆ ಮುಗಿಯಬೇಕಿತ್ತು. ಸೆಕೆಂಡಿಗೆ 150 ಎಂಬಿ ಬರೆಯುವ ಸಾಧಾರಣ ಹಾರ್ಡ್ ಡಿಸ್ಕ್ ಈ ಒಂದು ಕೆಲಸವನ್ನು ಸುಮಾರು 11 ನಿಮಿಷದಲ್ಲೇ ಮುಗಿಸಿರುತ್ತದೆ!

ಇದರ ಅರ್ಥ ಕ್ಯೂಎಲ್‌ಸಿ ಬೇಡ ಎಂದಲ್ಲ. ಒಂದೇ ಸಲಕ್ಕೆ 42 ಜಿಬಿ ಬರೆಯದವರಿಗೆ ಈ ತೊಂದರೆ ಕಣ್ಣಿಗೇ ಬೀಳುವುದಿಲ್ಲ. ವಿಡಿಯೋ ಎಡಿಟ್ ಮಾಡುವವರು, ದೊಡ್ಡ ಗೇಮ್‌ಗಳನ್ನು ಆಗಾಗ ಅಲ್ಲಿಂದಿಲ್ಲಿಗೆ ಹಾಕುವವರು ಮಾತ್ರ ಟಿಎಲ್‌ಸಿಗೇ ಹೋಗಲಿ. ಇನ್ನೊಂದು ಮಾತು, ಅದೇ 870 ಕ್ಯೂವಿಒದ 2 ಟಿಬಿ ಮಾದರಿ ಕ್ಯಾಷ್ ತುಂಬಿದ ಮೇಲೂ 160 ಎಂಬಿ ಕೊಡುತ್ತದೆ, ನೇರವಾಗಿ ಎರಡರಷ್ಟು. ಚಿಪ್‌ಗಳು ಜಾಸ್ತಿ ಇದ್ದಾಗ ಹೆಚ್ಚು ಕಡೆ ಒಟ್ಟಿಗೆ ಬರೆಯಬಹುದು. ಹಾಗಾಗಿ 1 ಟಿಬಿ ಮಾದರಿಯ ಪರೀಕ್ಷೆ ಓದಿ 250 ಜಿಬಿ ಕೊಳ್ಳಬೇಡಿ, ಹೆಸರು ಒಂದೇ ಆದರೂ ವೇಗ ಒಂದೇ ಇರುವುದಿಲ್ಲ.

ಮನೆಯಲ್ಲೇ ಇದನ್ನು ಅಳೆಯಬಹುದು, ಆದರೆ ಡ್ರೈವ್ ಖಾಲಿ ಇದ್ದಾಗ ಅಳೆದರೆ ಸುಮ್ನೆ. ಕ್ರಿಸ್ಟಲ್ ಡಿಸ್ಕ್ ಮಾರ್ಕ್ ತಾನಾಗಿ ಬಳಸುವುದು 1 ಜಿಬಿ ಫೈಲ್, ಅದು ಪೂರ್ತಿ ಕ್ಯಾಷ್‌ನಲ್ಲೇ ಕೂರುತ್ತದೆ. ಮೇಲಾಗಿ ಹಲವು ಡ್ರೈವುಗಳಲ್ಲಿ ಖಾಲಿ ಜಾಗವೇ ಕ್ಯಾಷ್ ಆಗಿರುತ್ತದೆ, ಡ್ರೈವ್ ತುಂಬುತ್ತಾ ಹೋದಂತೆ ಕ್ಯಾಷ್ ಕುಗ್ಗುತ್ತದೆ. ಮುಕ್ಕಾಲು ಪಾಲು ತುಂಬಿಸಿ, ಒಂದೆರಡು ಗಂಟೆ ಸುಮ್ಮನೆ ಆನ್ ಇಟ್ಟು, ಆಮೇಲೆ ಕ್ಯಾಷ್‌ಗಿಂತ ದೊಡ್ಡ ಫೋಲ್ಡರನ್ನು ಕಾಪಿ ಮಾಡಿ. ಕಾಪಿ ಎಲ್ಲಿಂದ ಮಾಡುತ್ತೀರಿ ಎಂಬುದೂ ಮುಖ್ಯ: ಪೆನ್ ಡ್ರೈವಿನಿಂದಲೋ ಹಾರ್ಡ್ ಡಿಸ್ಕಿನಿಂದಲೋ ಮಾಡಿದರೆ ನೀವು ಅಳೆಯುವುದು ಅವುಗಳ ವೇಗವನ್ನೇ ಹೊರತು ಎಸ್‌ಎಸ್‌ಡಿಯದ್ದಲ್ಲ. ವಿಂಡೋಸ್‌ನ ಕಾಪಿ ಕಿಟಕಿಯಲ್ಲಿ ಗ್ರಾಫ್ ಮೊದಲ ಕೆಲವು ಸೆಕೆಂಡ್ ವಿಪರೀತ ಮೇಲೆ ಇರುತ್ತದೆ, ಅದು ರ‍್ಯಾಮ್‌ಗೆ ಬರೆಯುತ್ತಿರುವುದು, ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಆಮೇಲೆ ಸಮತಟ್ಟಾದ ಗೆರೆ, ಕೊನೆಗೆ ಒಮ್ಮೆಲೇ ಕುಸಿತ. ಕುಸಿದು ಎಲ್ಲಿ ನಿಲ್ಲುತ್ತದೋ ಅದನ್ನು ಬರೆದಿಟ್ಟುಕೊಳ್ಳಿ. ಎರಡು ಡ್ರೈವ್ ಹೋಲಿಸುವಾಗ ಅದೇ ಕಂಪ್ಯೂಟರ್, ಅದೇ ಪೋರ್ಟ್, ಅದೇ ಫೋಲ್ಡರ್ ಇರಲಿ.

ಡಿ-ರ‍್ಯಾಮ್ ಇಲ್ಲದ ಡ್ರೈವ್ ಕೊಳ್ಳಬಹುದೇ ಎಂಬ ಪ್ರಶ್ನೆ ಯಾವಾಗಲೂ ಬರುತ್ತದೆ. ಯಾವ ಮಾಹಿತಿ ಯಾವ ಚಿಪ್‌ನಲ್ಲಿದೆ ಎಂಬ ಪಟ್ಟಿಯನ್ನು ಡ್ರೈವ್ ತನ್ನೊಳಗಿನ ವೇಗದ ಮೆಮೊರಿ ಚಿಪ್ ಆದ ಡಿ-ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುತ್ತದೆ, 1 ಟಿಬಿಗೆ ಸುಮಾರು 1 ಜಿಬಿ ಬೇಕು. ಬೆಲೆ ಇಳಿಸಲು ಇದನ್ನೇ ತೆಗೆಯುತ್ತಾರೆ. ಎನ್‌ವಿಎಂಇಯಲ್ಲಿ ಅಷ್ಟೇನೂ ನಷ್ಟವಿಲ್ಲ, ಏಕೆಂದರೆ ಕಂಪ್ಯೂಟರಿನ ರ‍್ಯಾಮ್‌ನಿಂದ ಕೆಲವು ಹತ್ತು ಎಂಬಿ ಕಡ ಪಡೆಯುವ ಎಚ್‌ಎಂಬಿ ಎಂಬ ವ್ಯವಸ್ಥೆ ಅದರಲ್ಲಿದೆ. ಸಾಟಾದಲ್ಲಿ ಆ ದಾರಿ ಇಲ್ಲ. ಹಾಗಾಗಿ ಸಾಟಾ ಕೊಳ್ಳುವಾಗ, ಅದರಲ್ಲೂ ವಿಂಡೋಸ್ ಅದರಲ್ಲೇ ಇರಬೇಕೆಂದರೆ, ಸ್ವಲ್ಪ ಜಾಸ್ತಿ ಕೊಟ್ಟಾದರೂ ಡಿ-ರ‍್ಯಾಮ್ ಇರುವುದನ್ನೇ ನೋಡಿ ಎನ್ನುತ್ತೇನೆ.

ಪರೀಕ್ಷೆಯ ವರದಿ ಓದುವಾಗ ಅದರ ದಿನಾಂಕವನ್ನೂ ನೋಡಬೇಕು. 2021ರಲ್ಲಿ ಕ್ರೂಷಿಯಲ್ ಪಿ2 ಡ್ರೈವ್ ಟಿಎಲ್‌ಸಿಯಿಂದ ಕ್ಯೂಎಲ್‌ಸಿಗೆ ಬದಲಾಯಿತು, ಹೆಸರು ಮಾತ್ರ ಅದೇ. ಅದೇ ವರ್ಷ ಡಬ್ಲ್ಯುಡಿ ಬ್ಲೂ ಎಸ್‌ಎನ್550ರಲ್ಲೂ ಚಿಪ್ ಬದಲಾಗಿ, ಕ್ಯಾಷ್ ತುಂಬಿದ ನಂತರದ ವೇಗ 600ರ ಆಸುಪಾಸಿನಿಂದ 400ರ ಕೆಳಗೆ ಇಳಿಯಿತು. ಮುಂದೆ ಇಂಥ ಬದಲಾವಣೆ ಮಾಡಿದರೆ ಹೊಸ ಮಾದರಿ ಸಂಖ್ಯೆ ಕೊಡುತ್ತೇವೆ ಎಂದು ಆ ಕಂಪನಿ ಆಮೇಲೆ ಹೇಳಿತು. ಮೊದಲ ತಿಂಗಳ ಹೊಗಳಿಕೆ ಓದಿ ಎರಡು ವರ್ಷದ ನಂತರ ಕೊಂಡವರಿಗೆ ಆಗುವ ಅನ್ಯಾಯ ಸಣ್ಣದಲ್ಲ. ಹೊಸ ಖರೀದಿದಾರರು ಹಾಕಿರುವ ಅಳತೆಗಳನ್ನೇ ಹುಡುಕಿ.

ಕೊನೆಯದಾಗಿ, ಕೊಳ್ಳುವ ಮೊದಲು ಮದರ್‌ಬೋರ್ಡಿನ ಮ್ಯಾನುಯಲ್ ತೆರೆದು ಎಂ.2 ಸ್ಲಾಟ್ (ಚಿಕ್ಕ ಪಟ್ಟಿಯಂಥ ಎಸ್‌ಎಸ್‌ಡಿ ಕೂರಿಸುವ ಜಾಗ) ಯಾವುದಕ್ಕೆ ಎಂದು ನೋಡಿ. ಕೆಲವು ಹಳೆಯ ಬೋರ್ಡುಗಳಲ್ಲಿ ಅದು ಸಾಟಾಗೆ ಮಾತ್ರ, ಎನ್‌ವಿಎಂಇ ಹಾಕಿದರೆ ಗುರುತೇ ಹಿಡಿಯುವುದಿಲ್ಲ. ನಿಮ್ಮ ಬೋರ್ಡಿನ ಹೆಸರು ಗೊತ್ತಿದ್ದವರು ಹೇಳಿ, ಈಗಲೇ ಒಟ್ಟಿಗೆ ನೋಡೋಣ.