ಮುಲಾಮು ಹಚ್ಚುವವರು ಯಾರು?

ಎಲ್ಲರಿಗೂ ನಮಸ್ಕಾರ. ನರ್ಸಿಂಗ್ ಚರಿತ್ರೆ ಎಂದ ಕೂಡಲೇ ಫ್ಲಾರೆನ್ಸ್ ನೈಟಿಂಗೇಲ್ ಅವರ ದೀಪ ನೆನಪಾಗುತ್ತದೆ. ಆ ದೀಪ ನಿಮ್ಮ ಪಠ್ಯಪುಸ್ತಕದಲ್ಲಿ ಚೆನ್ನಾಗಿಯೇ ಉರಿಯುತ್ತಿದೆ, ಇವತ್ತು ಅದರ ತಂಟೆಗೆ ಹೋಗುವುದಿಲ್ಲ. ನಾನು ಹೇಳಹೊರಟಿರುವುದು ಮುಲಾಮಿನ ಕಥೆ.

1890ರ ದಶಕದ ನ್ಯೂಯಾರ್ಕ್. ಲೋಯರ್ ಈಸ್ಟ್ ಸೈಡ್ ಎಂಬ ಭಾಗದಲ್ಲಿ ವಲಸೆ ಬಂದ ಬಡವರ ವಠಾರಗಳು. ಅಂಥದೊಂದು ವಠಾರದಲ್ಲಿ, ಕಟುಕರ ಏಪ್ರನ್‌ಗಳನ್ನು ಒಗೆದು ಹೊಟ್ಟೆ ಹೊರೆಯುತ್ತಿದ್ದ ತಾಯಿಯೊಬ್ಬಳ ಮಗ ಲೂಯಿ. ವಯಸ್ಸು ಹನ್ನೆರಡು. ತಲೆಯ ತುಂಬ ಇಸುಬು. ಶಾಲೆಗೆ ಹೋದಾಗಲೆಲ್ಲ ಟೀಚರು ವಾಪಸು ಕಳುಹಿಸುತ್ತಿದ್ದರು. ಬೀದಿದೀಪದ ಕಂಬದ ಮೇಲೆ ಬರೆದ ರಸ್ತೆಯ ಹೆಸರನ್ನೂ ಓದಲು ಬಾರದೆಂದು ಹುಡುಗನಿಗೇ ನಾಚಿಕೆ. ಔಷಧಾಲಯಕ್ಕೆ ಅವನು ಹೋಗದೆ ಇರಲಿಲ್ಲ, ಎಷ್ಟೋ ಸಲ ಹೋಗಿದ್ದ. ಮುಲಾಮೂ ಸಿಕ್ಕಿತ್ತು. ಅದನ್ನು ದಿನವೂ ಸರಿಯಾಗಿ ಹಚ್ಚುವವರು ಮಾತ್ರ ಇರಲಿಲ್ಲ. ಲಿಲಿಯನ್ ವಾಲ್ಡ್ ಎಂಬ ನರ್ಸ್ ಆ ಕೆಲಸ ಮಾಡಿದರು. ಸೆಪ್ಟೆಂಬರಿನಲ್ಲಿ ಹುಡುಗ ಜೀವನದಲ್ಲಿ ಮೊದಲ ಬಾರಿಗೆ ಶಾಲೆ ಸೇರಿದ.

ವಾಲ್ಡ್ 1891ರಲ್ಲಿ ನರ್ಸಿಂಗ್ ತರಬೇತಿ ಮುಗಿಸಿದವರು. 1893ರಲ್ಲಿ ವಲಸಿಗ ಹೆಂಗಸರಿಗೆ ಮನೆಯಲ್ಲಿ ರೋಗಿಗಳ ಆರೈಕೆ ಮಾಡುವುದನ್ನು ಕಲಿಸುತ್ತಿದ್ದಾಗ, ಪುಟ್ಟ ಹುಡುಗಿಯೊಬ್ಬಳು ಬಂದು ತನ್ನ ತಾಯಿಯ ಬಳಿಗೆ ಕರೆದೊಯ್ದಳು. ರಕ್ತಸ್ರಾವವಾಗಿ ಮಲಗಿದ್ದ ಬಾಣಂತಿ ಆಕೆ. ಅದೇ ವರ್ಷ ವಾಲ್ಡ್ ತಮ್ಮ ಗೆಳತಿ ಮೇರಿ ಬ್ರೂಸ್ಟರ್ ಜೊತೆ ಆ ವಠಾರಗಳ ನಡುವೆಯೇ ವಾಸಕ್ಕೆ ಹೋದರು. 1895ರಲ್ಲಿ ಬ್ಯಾಂಕರ್ ಜೇಕಬ್ ಶಿಫ್ ನೆರವಿನಿಂದ ಹೆನ್ರಿ ಸ್ಟ್ರೀಟಿನ 265ನೇ ನಂಬರಿನ ಮನೆ ಸಿಕ್ಕಿತು; ಅವರ ನರ್ಸ್‌ಗಳ ಸಂಸ್ಥೆಗೆ ಆ ಬೀದಿಯ ಹೆಸರೇ ನಿಂತಿತು. ‘ಸಾರ್ವಜನಿಕ ಆರೋಗ್ಯ ನರ್ಸ್’ ಎಂಬ ಹೆಸರನ್ನು ಬಳಕೆಗೆ ತಂದವರೂ ವಾಲ್ಡ್ ಅವರೇ.

ಲೂಯಿಯಂಥ ಮಕ್ಕಳು ಒಬ್ಬಿಬ್ಬರಲ್ಲ. ನ್ಯೂಯಾರ್ಕಿನ ಶಾಲೆಗಳಲ್ಲಿ 1897ರಿಂದ ವೈದ್ಯರ ತಪಾಸಣೆ ಇತ್ತು. ಟ್ರಕೋಮಾ ಎಂಬ ಕಣ್ಣಿನ ಸೋಂಕು, ಹುಳುಕಡ್ಡಿ, ಹೇನು, ಹೀಗೆ ಏನಾದರೂ ಕಂಡರೆ ಮಗುವನ್ನು ಮನೆಗೆ ಅಟ್ಟುತ್ತಿದ್ದರು. ಅಲ್ಲಿಗೆ ತಪಾಸಣೆಯ ಕೆಲಸ ಮುಗಿಯಿತು. ಮಗು ಸಂಜೆ ಬೀದಿಯಲ್ಲಿ ಅದೇ ಸಹಪಾಠಿಗಳ ಜೊತೆ ಆಡುತ್ತಿತ್ತು! ರೋಗ ಹಿಡಿಯುವ ಉತ್ಸಾಹ ರೋಗ ವಾಸಿಮಾಡುವಲ್ಲಿ ಇರುವುದಿಲ್ಲ ಎಂಬುದು ಆ ಊರಿನ, ಆ ಕಾಲದ ದೋಷ ಮಾತ್ರವೇ ಅಲ್ಲ. ನಮ್ಮ ಆರೋಗ್ಯ ಶಿಬಿರಗಳಲ್ಲಿ ಚೀಟಿ ಹಿಡಿದು ನಿಂತವರನ್ನು ನೀವೂ ನೋಡಿದ್ದೀರಿ.

1902ರ ಅಕ್ಟೋಬರಿನಲ್ಲಿ ವಾಲ್ಡ್ ತಮ್ಮ ನರ್ಸ್ ಲೀನಾ ರೋಜರ್ಸ್ ಅವರನ್ನು ಒಂದು ತಿಂಗಳ ಪ್ರಯೋಗಕ್ಕೆಂದು ನಾಲ್ಕು ಶಾಲೆಗಳಿಗೆ ಕಳುಹಿಸಿದರು. ಸಣ್ಣಪುಟ್ಟದ್ದಕ್ಕೆ ರೋಜರ್ಸ್ ಶಾಲೆಯಲ್ಲೇ ಔಷಧ ಹಚ್ಚಿ ತರಗತಿಗೆ ಕಳುಹಿಸುತ್ತಿದ್ದರು. ಉಳಿದ ಮಕ್ಕಳ ಮನೆಗೆ ಹೋಗಿ ಏನು ಮಾಡಬೇಕೆಂದು ತಾಯಂದಿರಿಗೆ ತೋರಿಸಿಕೊಡುತ್ತಿದ್ದರು. ತಿಂಗಳು ಕಳೆಯುವಷ್ಟರಲ್ಲಿ ನಗರದ ಆಡಳಿತಕ್ಕೆ ಮನವರಿಕೆಯಾಗಿ ಇನ್ನಷ್ಟು ನರ್ಸ್‌ಗಳ ನೇಮಕವಾಯಿತು. 1902ರ ಸೆಪ್ಟೆಂಬರಿನಲ್ಲಿ 10,567 ಬಾರಿ ಮಕ್ಕಳನ್ನು ಕಾಯಿಲೆಯ ಕಾರಣಕ್ಕೆ ಶಾಲೆಯಿಂದ ಹೊರಗೆ ಕಳುಹಿಸಲಾಗಿತ್ತು. ಮರುವರ್ಷದ ಸೆಪ್ಟೆಂಬರಿನಲ್ಲಿ ಈ ಸಂಖ್ಯೆ 1,101. ಕಾಯಿಲೆಯೇ ಅಷ್ಟು ಇಳಿಯಿತೆಂದು ಇದನ್ನು ಓದಬೇಡಿ. ಕಾಯಿಲೆ ಇದ್ದ ಮಗುವೂ ಪಾಠ ತಪ್ಪಿಸಿಕೊಳ್ಳಬೇಕಾಗಲಿಲ್ಲ ಎಂಬುದೇ ಇದರ ನಿಜವಾದ ಅರ್ಥ, ನನಗೆ ಅದೇ ದೊಡ್ಡದಾಗಿ ಕಾಣುತ್ತದೆ.

ವಾಲ್ಡ್ ಅವರ ಹೆಸರಿನ ಪಕ್ಕದಲ್ಲೇ ಹೇಳಬೇಕಾದ, ಸಾಮಾನ್ಯವಾಗಿ ಯಾರೂ ಹೇಳದ ಹೆಸರು ಜೆಸ್ಸೀ ಸ್ಲೀಟ್. ಕಪ್ಪು ಜನಾಂಗದ ಈಕೆ ಷಿಕಾಗೋದ ಪ್ರಾವಿಡೆಂಟ್ ಆಸ್ಪತ್ರೆಯಲ್ಲಿ ಕಲಿತು ನ್ಯೂಯಾರ್ಕಿಗೆ ಬಂದರು. ಆ ಊರಿನ ಕಪ್ಪು ಜನರಲ್ಲಿ ಕ್ಷಯ ಹಬ್ಬಿತ್ತು. 1900ರಲ್ಲಿ ಒಂದು ದತ್ತಿ ಸಂಸ್ಥೆ ಅವರನ್ನು ಎರಡು ತಿಂಗಳ ಮಟ್ಟಿಗೆ, ಅದೂ ಪರೀಕ್ಷಾರ್ಥವಾಗಿ ನೇಮಿಸಿಕೊಂಡಿತು. ಅವರು ಸಲ್ಲಿಸಿದ ವರದಿಯಲ್ಲಿ ಅಲಂಕಾರದ ಮಾತಿಲ್ಲ: 41 ಕುಟುಂಬಗಳು, 156 ಭೇಟಿಗಳು, ಒಂಬತ್ತು ಮಂದಿ ಕ್ಷಯ ರೋಗಿಗಳು, ಹೀಗೆ ಪಟ್ಟಿ ಸಾಗುತ್ತದೆ. ಎರಡು ತಿಂಗಳಿಗೆಂದು ಬಂದವರು ಒಂಬತ್ತು ವರ್ಷ ಅಲ್ಲೇ ದುಡಿದರು. 1906ರಲ್ಲಿ ಹೆನ್ರಿ ಸ್ಟ್ರೀಟ್ ಕೂಡ ಎಲಿಜಬೆತ್ ಟೈಲರ್ ಎಂಬ ಕಪ್ಪು ನರ್ಸ್ ಅವರನ್ನು ಸೇರಿಸಿಕೊಂಡಿತು.

ಮುಂದೆ 1912ರಲ್ಲಿ ಸಾರ್ವಜನಿಕ ಆರೋಗ್ಯ ನರ್ಸ್‌ಗಳದೇ ರಾಷ್ಟ್ರೀಯ ಸಂಘಟನೆ ಹುಟ್ಟಿ, ವಾಲ್ಡ್ ಅದರ ಮೊದಲ ಅಧ್ಯಕ್ಷೆಯಾದರು. ಆ ಸಭೆ ಸಮಾರಂಭಗಳ ವಿವರ ನಿಮ್ಮ ಪುಸ್ತಕಗಳಲ್ಲಿದೆ, ಬಿಡಿ.

ಕೊನೆಗೆ ಒಂದು ಚಿತ್ರ ತೋರಿಸುತ್ತೇನೆ, ಸ್ವಲ್ಪ ದೀಪ ಆರಿಸಿ. 1908ರದು. ಪ್ರತಿ ವಠಾರದಲ್ಲೂ ಐದಾರು ಮಹಡಿ ಇಳಿದು, ಪಕ್ಕದ ವಠಾರದಲ್ಲಿ ಮತ್ತೆ ಅಷ್ಟೇ ಮಹಡಿ ಹತ್ತುವ ಶ್ರಮ ಉಳಿಸಲು ಹೆನ್ರಿ ಸ್ಟ್ರೀಟಿನ ನರ್ಸ್‌ಗಳು ಮಾಳಿಗೆಯಿಂದ ಮಾಳಿಗೆಗೆ ದಾಟುತ್ತಿದ್ದರು. ಈ ನರ್ಸ್ ಉದ್ದನೆಯ ಲಂಗದಲ್ಲೇ ನಡುಗೋಡೆ ಹತ್ತಿ ದಾಟುತ್ತಿದ್ದಾರೆ, ನೋಡಿ.