ಸುಣ್ಣ ಬಿದ್ದ ಕಣ್ಣಿಗೆ ಮತ್ತೆ ಬೆಳಕು: ಸ್ಟೆಮ್ ಸೆಲ್ ಎಲ್ಲಿವರೆಗೆ?

(ದೃಶ್ಯ: ಎಲೆಅಡಿಕೆ ತಟ್ಟೆ, ಪಕ್ಕದಲ್ಲಿ ಸುಣ್ಣದ ಪುಟ್ಟ ಪ್ಯಾಕೆಟ್)

ನಮಸ್ಕಾರ. ಈ ಪ್ಯಾಕೆಟ್ ನೋಡಿ. ಮಗು ಇದನ್ನು ಸುಮ್ನೆ ಹಿಸುಕುತ್ತದೆ. ಪಟ್ ಅಂತ ಒಡೆದು ಸುಣ್ಣ ಕಣ್ಣಿಗೆ ಹಾರುತ್ತದೆ. ನಮ್ಮ ದೇಶದಲ್ಲಿ ಚಿಕ್ಕ ಮಕ್ಕಳ ಕಣ್ಣು ಸುಡುವುದಕ್ಕೆ ಇದೂ ಒಂದು ದೊಡ್ಡ ಕಾರಣ. ಹಾಗಾದರೆ ತಕ್ಷಣ ಕಣ್ಣು ಬಿಡಿಸಿ, ಅರ್ಧ ಗಂಟೆ ಶುದ್ಧ ನೀರು ಹಾಯಿಸಿ, ಆಮೇಲೆ ಆಸ್ಪತ್ರೆಗೆ ಓಡಿ. ವಿಡಿಯೋ ಪೂರ್ತಿ ನೋಡದಿದ್ದರೂ ಪರವಾಗಿಲ್ಲ, ಇದೊಂದು ನೆನಪಿರಲಿ.

(ದೃಶ್ಯ: ಕಣ್ಣಿನ ಚಿತ್ರ)

ಕಪ್ಪುಗುಡ್ಡೆಯೂ ಬಿಳಿಭಾಗವೂ ಸೇರುವ ಅಂಚಿನಲ್ಲಿ ಸ್ಟೆಮ್ ಸೆಲ್‌ಗಳಿವೆ, ಅಂದರೆ ಹೊಸ ಕೋಶಗಳನ್ನು ಹುಟ್ಟಿಸಬಲ್ಲ ಮೂಲಕೋಶಗಳು. ಕಾರ್ನಿಯಾ ಅಂದರೆ ಕಣ್ಣಿನ ಮುಂದಿನ ಗಾಜಿನಂಥ ಪಾರದರ್ಶಕ ಭಾಗ; ಅದರ ಮೇಲ್ಪದರ ಸವೆದಂತೆಲ್ಲ ಹೊಸದನ್ನು ಹುಟ್ಟಿಸುವುದು ಇವೇ. ಇವು ಸುಟ್ಟುಹೋದರೆ ಬಿಳಿಭಾಗದ ಪೊರೆ ರಕ್ತನಾಳಗಳ ಸಮೇತ ಕಾರ್ನಿಯಾ ಮೇಲೆ ಹಬ್ಬುತ್ತದೆ. ದಾನದ ಕಾರ್ನಿಯಾ ಹಾಕಿದರೂ ಬಾಳಿಕೆ ಬರುವುದಿಲ್ಲ.

1997ರಲ್ಲಿ ಇಟಲಿಯ ಪೆಲ್ಲೆಗ್ರಿನಿ ತಂಡ ಈ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ ಕಣ್ಣಿಗೆ ಹಾಕಿ ತೋರಿಸಿತು. ಆದರೆ ಅಂಥ ಲ್ಯಾಬ್‌ಗೆ ಖರ್ಚು ಜಾಸ್ತಿ. 2012ರಲ್ಲಿ ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯ ಡಾ. ವೀರೇಂದ್ರ ಸಂಗ್ವಾನ್ ಮತ್ತು ಸಂಗಡಿಗರು 'ಸ್ಲೆಟ್' ಎಂಬ ವಿಧಾನ ಪ್ರಕಟಿಸಿದರು. ಚೆನ್ನಾಗಿರುವ ಕಣ್ಣಿನಿಂದ ಸಾಸಿವೆ ಕಾಳಿನಷ್ಟು, ಸುಮಾರು 2 ಮಿ.ಮೀ. ಚೂರು ತೆಗೆಯುತ್ತಾರೆ. ಅದನ್ನು 8-10 ತುಣುಕು ಮಾಡುತ್ತಾರೆ. ಸುಟ್ಟ ಕಣ್ಣಿನ ಪೊರೆ ಬಿಡಿಸಿ, ಹೆರಿಗೆಯ ನಂತರ ಬೀಳುವ ಮಾಸಿನ ಒಳಪದರ ಹಾಸುತ್ತಾರೆ. ಅದರ ಮೇಲೆ, ಪಾತಿಯಲ್ಲಿ ಸಸಿ ನೆಟ್ಟ ಹಾಗೆ, ತುಣುಕುಗಳನ್ನು ಅಂಟಿನಿಂದ ಕೂರಿಸುತ್ತಾರೆ. ಕೆಲವೇ ವಾರಗಳಲ್ಲಿ ಹೊಸ ಪದರ ಹರಡುತ್ತದೆ. ಕೋಶ ಬೆಳೆಯುವುದು ಲ್ಯಾಬಿನಲ್ಲಲ್ಲ, ಕಣ್ಣಿನ ಮೇಲೇ! ನನಗಂತೂ ಇದು ಹೆಮ್ಮೆಯ ವಿಷಯ.

ಎಲ್ಲರಿಗೂ ಆಗುತ್ತದಾ? ಇಲ್ಲ. ಎರಡೂ ಕಣ್ಣು ಸುಟ್ಟಿದ್ದರೆ ಬೇರೆಯವರ ಕೋಶ ಬೇಕು. ದೇಹ ಅದನ್ನು ಒಪ್ಪಿಕೊಳ್ಳಲು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ನುಂಗಬೇಕು. ಕಲೆ ಆಳಕ್ಕಿಳಿದಿದ್ದರೆ ಕಾರ್ನಿಯಾ ಕಸಿಯೂ ಬೇಕಾಗಬಹುದು.

(ದೃಶ್ಯ: ಕಪ್ಪು ಪರದೆ)

ನನ್ನ ಭಯ ಬೇರೆ. ಅಮೆರಿಕದ ಫ್ಲಾರಿಡಾದಲ್ಲಿ ರೆಟಿನಾ (ಕಣ್ಣಿನ ಹಿಂಬದಿಯ ಪರದೆ) ತೊಂದರೆಯಿದ್ದ ಮೂವರು ಮಹಿಳೆಯರು ಸ್ಟೆಮ್ ಸೆಲ್ ಚಿಕಿತ್ಸೆಯ ಹೆಸರಲ್ಲಿ ತಲಾ 5,000 ಡಾಲರ್ ಕೊಟ್ಟು, ತಮ್ಮದೇ ಹೊಟ್ಟೆಯ ಕೊಬ್ಬಿನಿಂದ ತೆಗೆದ ಕೋಶಗಳನ್ನು ಎರಡೂ ಕಣ್ಣಿಗೆ ಚುಚ್ಚಿಸಿಕೊಂಡರು. ಇದ್ದ ದೃಷ್ಟಿಯೂ ಹೋಯಿತು. 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಇದು ವರದಿಯಾಯಿತು. ಕೊಬ್ಬಿನ ಕೋಶಕ್ಕೂ ರೆಟಿನಾಗೂ ಏನು ಸಂಬಂಧ, ಅಲ್ವಾ?

ಹಾಗಾಗಿ ಮಂಡಿನೋವು, ಸಕ್ಕರೆ ಕಾಯಿಲೆ, ಆಟಿಸಂ ಎಲ್ಲಕ್ಕೂ ಒಂದೇ ಸ್ಟೆಮ್ ಸೆಲ್ ಇಂಜೆಕ್ಷನ್ ಅಂದರೆ ಕೇಳಿ: ಯಾವ ಕೋಶ? ಎಲ್ಲಿಂದ ತೆಗೆದದ್ದು? ಒಳಗೆ ಹೋಗಿ ಏನಾಗುತ್ತದೆ? 'ಇದು ಇನ್ನೂ ಪ್ರಯೋಗ' ಅಂತ ಹೇಳಿ ಬಿಲ್ ಕೈಗಿಟ್ಟರೆ ಎದ್ದು ಬನ್ನಿ. ಪ್ರಯೋಗಕ್ಕೆ ಸೇರಿದ ರೋಗಿಯಿಂದ ದುಡ್ಡು ತೆಗೆದುಕೊಳ್ಳಬಾರದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯೇ ಹೇಳುತ್ತದೆ.